ಐದಕ್ಕೆ ಎರಡೂವರೆ

ಕಳೆದ ಭಾನುವಾರ ಮೂಡಿಗೆರೆ ಕಡೆಯ ನಮ್ಮ ಅಣ್ಣನ ತೋಟದ ಮನೆಯಲ್ಲಿ ಐವರು ತರುಣರು ಜಗಲಿಯ ಮೇಲೆ ಕುಳಿತು, ಒಬ್ಬ ಮನುಷ್ಯ ಎರಡು ವರ್ಷ ಸ್ಟುಡಿಯೋದಲ್ಲಿ ಒದ್ದಾಡಿ ಮುಗಿಸಿದ ಸಂಗೀತದ ಆಲ್ಬಮ್ಮನ್ನು ಒಂದು ತಟ್ಟೆ ಕೋಡುಬಳೆ ಖಾಲಿಯಾಗುವಷ್ಟರಲ್ಲಿ ವಿಲೇವಾರಿ ಮಾಡಿದರು. ತೀರ್ಪು: ಐದಕ್ಕೆ ಎರಡೂವರೆ ನಕ್ಷತ್ರ. ಇಷ್ಟು ಶೀಘ್ರವಾಗಿ ನ್ಯಾಯದಾನ ಮಾಡುವ ಪೀಠವೊಂದು ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆಯೆಂದು ಮೊದಲೇ ತಿಳಿದಿದ್ದರೆ, ನಮ್ಮ ತಂದೆಯ ಕಾಲದಿಂದ ನಡೆಯುತ್ತಿರುವ ಬೇಲಿಯ ವ್ಯಾಜ್ಯವನ್ನೂ ಅಲ್ಲಿಗೇ ಒಯ್ಯುತ್ತಿದ್ದೆ.

ಆಲ್ಬಮ್ ಯಾವುದೆಂದು ಈ ಹುಚ್ಚು ಹತ್ತಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೈನ್ ಇಂಚ್ ನೇಲ್ಸ್ ಎಂಬ ಬ್ಯಾಂಡಿನ ಹೆಸರಿನಲ್ಲಿ ಅಮೆರಿಕದ ಟ್ರೆಂಟ್ ರೆಜ್ನರ್ 1999ರಲ್ಲಿ ಹೊರತಂದ ‘ದಿ ಫ್ರಜೈಲ್’, ಸಿ.ಡಿ.ಯಲ್ಲಾದರೆ ಎರಡು ಬಿಲ್ಲೆ, 23 ಹಾಡು, ಒಂದು ಗಂಟೆ ನಲವತ್ತು ನಿಮಿಷಕ್ಕೂ ಮಿಕ್ಕಿದ ಬಾಬತ್ತು. ಬೆಂಗಳೂರಿನ ಕಂಪನಿಯ ಕೆಲಸವನ್ನು ತೋಟದಿಂದಲೇ ಮಾಡುವ ಅಣ್ಣನ ಮಗನಿಗೆ ಸಂಬಳ ಬೆಂಗಳೂರಿನದು, ಊಟ ಅತ್ತಿಗೆಯದು. ಆದುದರಿಂದ ಅವನು ಅದನ್ನು ಮೂರು ಗ್ರಾಮಫೋನ್ ತಟ್ಟೆಗಳ ಕಟ್ಟಾಗಿಯೇ ತರಿಸಿದ್ದ. ಒಂಬತ್ತು ಇಂಚಿನ ಮೊಳೆ ಬರುತ್ತಿದೆ ಎಂದು ಕೇಳಿಸಿಕೊಂಡ ಅಣ್ಣ, ಕೊಟ್ಟಿಗೆಯ ರಿಪೇರಿಗೆ ಕೊನೆಗೂ ಮಗ ಮನಸ್ಸು ಮಾಡಿದನೆಂದು ಸಂತೋಷಪಟ್ಟು ಬಡಗಿಗೆ ಫೋನು ಮಾಡಿಬಿಟ್ಟಿದ್ದ. ಫ್ರಜೈಲ್ ಎಂದರೆ ಬೇಗ ಒಡೆಯುವಂಥದ್ದು. ಸಾಮಾನಿನ ಪೆಟ್ಟಿಗೆಗಳ ಮೇಲೆ ಗಾಜಿನ ಲೋಟದ ಚಿತ್ರದ ಪಕ್ಕದಲ್ಲಿ ಅಚ್ಚು ಹಾಕಿರುತ್ತಾರಲ್ಲ, ಅದೇ ಪದ. ಅಂದು ಬಂದ ಪೆಟ್ಟಿಗೆಯ ಮೇಲೆ ಒಂದು ಸಲ, ಒಳಗೆ ಒಂದು ಸಲ, ಹೀಗೆ ಎರಡು ಕಡೆ ಅದಿತ್ತು. ಹೊರಗಿನದನ್ನು ಕೊರಿಯರಿನವರು ಓದಲಿಲ್ಲ, ಒಳಗಿನದನ್ನು ಕೇಳುಗರು ಓದಲಿಲ್ಲ.

ಪೀಠದ ಮೊದಲ ಸದಸ್ಯರು, ಮುಳ್ಳು ತಟ್ಟೆಯ ಮೇಲೆ ಕೂರುವ ಮುನ್ನವೇ, “ಇವರ ಹಳೆಯದೇ ಚೆನ್ನಾಗಿತ್ತು” ಎಂದು ಅಪ್ಪಣೆ ಕೊಡಿಸಿದರು. ಅವರು ಹುಟ್ಟಿದ್ದು 2001ರಲ್ಲಿ. ಅವರು ತಿರಸ್ಕರಿಸುತ್ತಿದ್ದ ಹೊಸದು ಕೂಡ ಅವರಿಗಿಂತ ಎರಡು ವರ್ಷ ದೊಡ್ಡದು. ಎರಡನೆಯವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಬ್ಯಾಂಡಿನವರ ನಡುವೆ ಹೊಂದಾಣಿಕೆ ತಪ್ಪಿದೆ, ಒಬ್ಬರು ನುಡಿಸುವುದನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಿಲ್ಲ ಎಂದು ನುಡಿದರು. ಈ ಬ್ಯಾಂಡಿಗೆ 1988ರಲ್ಲಿ ಹುಟ್ಟಿದಂದಿನಿಂದ 2016ರಲ್ಲಿ ಅಟಿಕಸ್ ರಾಸ್ ಸೇರುವ ತನಕ ಅಧಿಕೃತ ಸದಸ್ಯ ರೆಜ್ನರ್ ಒಬ್ಬನೇ. ಉಳಿದವರೆಲ್ಲ ಕರೆದಾಗ ಬಂದು ಹೋದವರು. ಒಬ್ಬ ಮನುಷ್ಯ ತನ್ನೊಂದಿಗೇ ಮಾತು ಬಿಟ್ಟಿರುವುದನ್ನು ಬರಿಯ ಕಿವಿಯಿಂದ ಪತ್ತೆ ಹಚ್ಚುವುದು ಸಾಮಾನ್ಯ ವಿದ್ವತ್ತಲ್ಲವೆಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಮೂರನೆಯವರಿಗೆ ಅದು ಫ್ಯಾಕ್ಟರಿಯ ಸದ್ದಿನಂತೆ ಕೇಳಿಸಿತು. ಈ ಜಾತಿಯ ಸಂಗೀತಕ್ಕೆ ಇಂಡಸ್ಟ್ರಿಯಲ್ ಎಂಬ ಹೆಸರು ಅಂಟಿದ್ದೇ 1976ರಲ್ಲಿ ಇಂಗ್ಲೆಂಡಿನ ತ್ರಾಬಿಂಗ್ ಗ್ರಿಸಲ್ ತಂಡ ತೆರೆದ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿಯಿಂದ. ಫ್ಯಾಕ್ಟರಿಯಂತೆ ಕೇಳಿಸುತ್ತದೆ ಎಂದು ಅದರ ಮೇಲೆ ದೂರುವುದು, ಹಾಗಲಕಾಯಿ ಪಲ್ಯ ಬಡಿಸಿಕೊಂಡು ಕಹಿಯಾಗಿದೆ ಎಂದು ಅಡುಗೆಯವರನ್ನು ಕರೆಸಿದಂತೆ. ನಾಲ್ಕನೆಯವರು ಹಿಂದಿನ ರಾತ್ರಿಯೇ ಮೊಬೈಲಿನ ಸ್ಪೀಕರಿನಲ್ಲಿ, ಬಸ್ಸಿನಲ್ಲಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕೇಳಿಕೊಂಡು ಬಂದಿದ್ದರು. ಬೇಸ್, ಅಂದರೆ ತಗ್ಗಿನ ಗುಡುಗುದನಿ, ಸಾಲದು ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಐದನೆಯವನು ಅಣ್ಣನ ಮಗ. ಹಣ ಕೊಟ್ಟವನು ಅವನಾದ್ದರಿಂದ ಪೆಟ್ಟಿಗೆ ಬಿಚ್ಚುವ ಮೊದಲೇ ಐದು ನಕ್ಷತ್ರ ಕೊಟ್ಟಾಗಿತ್ತು. ಅವನ ಐದು, ಉಳಿದ ನಾಲ್ವರ ಕೂಡಿ ಏಳೂವರೆ, ಒಟ್ಟು ಹನ್ನೆರಡೂವರೆಯನ್ನು ಐದರಿಂದ ಭಾಗಿಸಿದರೆ ಎರಡೂವರೆ. ಲೆಕ್ಕದಲ್ಲಿ ತಪ್ಪಿಲ್ಲ. ಆ ಹೊತ್ತಿನಲ್ಲಿ ಮೊದಲ ತಟ್ಟೆಯ ಎರಡನೆಯ ಮಗ್ಗುಲು ಇನ್ನೂ ತಿರುಗುತ್ತಿತ್ತು. ನಾಲ್ಕು ಮಗ್ಗುಲು ಬಾಕಿ ಇದ್ದವು. ಅವುಗಳನ್ನು ಆಮೇಲೆ ಯಾರೂ ಹಾಕಲಿಲ್ಲ, ತೀರ್ಪು ಬಂದ ಮೇಲೆ ಸಾಕ್ಷಿಯ ವಿಚಾರಣೆ ಯಾರಿಗೆ ಬೇಕು?

ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ನಮ್ಮ ಹಿರಿಯರು ಹೇಳುವಾಗ ಕೋಣಕ್ಕೆ ಬಹಳ ಅನ್ಯಾಯ ಮಾಡಿದ್ದಾರೆಂದು ನನಗೆ ಈಚೆಗೆ ಅನ್ನಿಸುತ್ತದೆ. ಕೋಣವು ಕಿನ್ನರಿ ಮುಗಿಯುವ ತನಕ ನಿಂತಿರುತ್ತದೆ, ಕಿವಿ ಅಲ್ಲಾಡಿಸುತ್ತದೆ, ಮೆಲುಕು ಹಾಕುತ್ತದೆ. ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮಂದವಾಗಿದೆ ಎನ್ನುವುದಿಲ್ಲ. ಈಗಿನ ರೂಢಿಯಲ್ಲಿ ಕೇಳದೆ ಹೇಳುವವನು ಉತ್ತಮ, ಕೇಳಿ ಹೇಳುವವನು ಮಧ್ಯಮ, ಕೇಳಿಯೂ ಸುಮ್ಮನಿರುವವನು ಅಧಮ.

ಅಧಮರ ಸಾಲಿನಲ್ಲಿ ಕುಳಿತಿದ್ದ ನನ್ನನ್ನೂ ಅವರು ಬಿಡಲಿಲ್ಲ. “ಚಿಕ್ಕಪ್ಪ, ನಿಮಗೇನನ್ನಿಸಿತು?” ಎಂದು ಅಣ್ಣನ ಮಗ ಕೇಳಿದ. ಅದೇ ಸಮಯಕ್ಕೆ ಹಿತ್ತಲಲ್ಲಿ ಅಂದಿನ ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿದ್ದರು. ಅದರಿಂದ ಕರಕರ ಸದ್ದು ಬರುತ್ತಿದ್ದುದನ್ನು ಕೇಳಿ ನಾನು, “ಬೇರಿಂಗ್ ಹೋದಂತಿದೆ” ಎಂದೆ. ಸಭೆ ಒಂದು ಕ್ಷಣ ಮೌನವಾಯಿತು. ಆಮೇಲೆ ಎರಡನೆಯವರು ನಿಧಾನವಾಗಿ ತಲೆದೂಗಿ, ಆಧುನಿಕ ಮನುಷ್ಯನ ಒಳಗಿನ ಬೇರಿಂಗ್ ಹೋಗಿರುವುದೇ ಈ ಆಲ್ಬಮ್ಮಿನ ಜೀವಾಳವೆಂದೂ, ಅಂಕಲ್ ಅದನ್ನು ಎರಡೇ ಮಾತಿನಲ್ಲಿ ಹಿಡಿದಿದ್ದಾರೆಂದೂ ಕೊಂಡಾಡಿದರು. ನನ್ನ ಬಾಳಿನಲ್ಲಿ ದೊರೆತ ಏಕೈಕ ಸಾಹಿತ್ಯಕ ಮನ್ನಣೆ ಇದಾದ್ದರಿಂದ ನಾನು ತಿದ್ದಲು ಹೋಗಲಿಲ್ಲ. ಪಲ್ಪರಿನ ಬೇರಿಂಗ್ ಮರುದಿನ ಪೂರ್ತಿ ಹೋಯಿತು.

ಸದ್ದನ್ನು ಸಂಗೀತವೆಂದು ಮುಂದಿಟ್ಟವರಿಗೆ ಬೈಗುಳ ಹೊಸದೇನಲ್ಲ. ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ 1913ರಲ್ಲಿ, ಯಂತ್ರಗಳ ಯುಗಕ್ಕೆ ಪಿಟೀಲು ಸಾಲದು, ಗದ್ದಲವೇ ಸಂಗೀತವಾಗಬೇಕು ಎಂದು ಪ್ರಣಾಳಿಕೆ ಬರೆದು, ಗುರುಗುಟ್ಟುವ, ಸೀಟಿ ಹೊಡೆಯುವ ಪೆಟ್ಟಿಗೆಗಳನ್ನು ಮಾಡಿ, ಮರುವರ್ಷ ಮಿಲಾನಿನಲ್ಲಿ ಕಛೇರಿ ನಡೆಸಿದಾಗ, ಸಭಿಕರಿಗೂ ಅವನ ಸಂಗಡಿಗರಿಗೂ ಕೈ ಕೈ ಮಿಲಾಯಿಸಿತು. ಬರ್ಲಿನ್ನಿನ ಐನ್‌ಸ್ಟ್ಯುರ್ಟ್ಸೆಂಡೆ ನಾಯ್‌ಬಾಟನ್ ತಂಡ ಗುಜರಿ ತಗಡು, ಸುತ್ತಿಗೆ, ಡ್ರಿಲ್ಲುಗಳನ್ನೇ ವಾದ್ಯ ಮಾಡಿಕೊಂಡಿತ್ತು. ಅದರ ಕೆಲವರು 1984ರ ಜನವರಿಯಲ್ಲಿ ಲಂಡನ್ನಿನ ಐ.ಸಿ.ಎ. ಎಂಬ ಕಲಾಸಂಸ್ಥೆಯ ಸಭಾಂಗಣದಲ್ಲಿ ವೇದಿಕೆಯನ್ನೇ ಕೊರೆಯಲು ಶುರುಮಾಡಿದ್ದರಿಂದ ಕಾರ್ಯಕ್ರಮವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಮಿಲಾನಿನ ಸಭಿಕರನ್ನು ನಾನು ಗೌರವಿಸುತ್ತೇನೆ. ಟಿಕೆಟ್ಟು ಕೊಂಡು, ಹೋಗಿ ಕುಳಿತು, ಆಮೇಲೆ ಹೊಡೆದಾಡಿದರು. ಅಭಿಪ್ರಾಯಕ್ಕೆ ಅವರು ತೆತ್ತ ಬೆಲೆ ಒಂದೆರಡು ಹಲ್ಲಾದರೂ ಇದ್ದಿರಬೇಕು. ನಮ್ಮ ಜಗಲಿಯಲ್ಲಿ ಹಲ್ಲಿಗೆ ಕಷ್ಟವಾದದ್ದು ಕೋಡುಬಳೆಯಿಂದ ಮಾತ್ರ.

ಅಂಕ ಕೊಡುವ ವಿದ್ಯೆ ನಮ್ಮ ಸೀಮೆಗೆ ಅಪರಿಚಿತವೂ ಅಲ್ಲ. ಬಾಳೆಹೊನ್ನೂರಿನ ಬಳಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಕಾಫಿಯನ್ನು ಸವಿದು ನೂರಕ್ಕೆ ಇಷ್ಟೆಂದು ಅಂಕ ಹಾಕುವ ಕಪ್ಪಿಂಗ್ ಎಂಬ ಶಾಸ್ತ್ರವೂ ನಮ್ಮಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಎಂಬತ್ತು ದಾಟಿದರೆ ಅದು ಸ್ಪೆಷಾಲಿಟಿ ಕಾಫಿ. ನಾನೊಮ್ಮೆ ನಿಂತು ನೋಡಿದ್ದೇನೆ. ಸಾಲಾಗಿ ಬಟ್ಟಲುಗಳನ್ನಿಟ್ಟು, ಒಣಪುಡಿಯ ವಾಸನೆ ನೋಡಿ, ಬಿಸಿನೀರು ಹೊಯ್ದು ಕಾದು, ಮೇಲಿನ ಕೆನೆಪದರವನ್ನು ಚಮಚದಿಂದ ಒಡೆದು ಮತ್ತೆ ಮೂಸಿ, ಸೊರ್ರೆಂದು ಎಳೆದು ಬಾಯೆಲ್ಲ ಆಡಿಸಿ, ಪಕ್ಕದ ಪಾತ್ರೆಗೆ ಉಗಿಯುತ್ತಾರೆ. ಆರಿದ ಮೇಲೆ ರುಚಿ ಬದಲಾಗುತ್ತದೆಂದು ಅದೇ ಬಟ್ಟಲಿಗೆ ಎರಡನೆಯ, ಮೂರನೆಯ ಸುತ್ತು ಬರುತ್ತಾರೆ. ಯಾವ ತೋಟದ್ದೆಂದು ಅವರಿಗೆ ಹೇಳಿರುವುದಿಲ್ಲ. ಒಟ್ಟು ಅಂಕ ಕೂಡಿಸುವುದು ಎಲ್ಲ ಮುಗಿದ ಮೇಲೆಯೇ. ಅವರು ಸವಿದು ಉಗಿಯುತ್ತಾರೆ. ನಮ್ಮ ಸಂಗೀತರಸಿಕರು ಸವಿಯುವ ಕಷ್ಟವನ್ನು ಉಳಿಸಿಕೊಂಡು ನೇರವಾಗಿ ಉಗಿಯುವ ಹಂತಕ್ಕೆ ಬಂದಿದ್ದಾರೆ.

ಆರಿದ ಮೇಲೆ ರುಚಿ ಬದಲಾಗುವ ಮಾತು ಈ ಆಲ್ಬಮ್ಮಿಗೂ ಸಲ್ಲುತ್ತದೆ. ಹೊರಬಂದ ವಾರ ಅದು ಅಮೆರಿಕದ ಬಿಲ್‌ಬೋರ್ಡ್ ಎಂಬ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನದಲ್ಲಿತ್ತು, ಮರುವಾರ ಹದಿನಾರನೆಯದು. ಆಗ ಪಿಚ್‌ಫೋರ್ಕ್ ಎಂಬ ಸಂಗೀತವಿಮರ್ಶೆಯ ಪತ್ರಿಕೆ ಹತ್ತಕ್ಕೆ ಎರಡು ಅಂಕ ಕೊಟ್ಟು ಅಟ್ಟಿತ್ತು. ಅದೇ ಪತ್ರಿಕೆ 2017ರಲ್ಲಿ ಅದೇ ಆಲ್ಬಮ್ಮಿಗೆ 8.7 ಕೊಟ್ಟಿತು. ನಡುವಿನ ಹದಿನೆಂಟು ವರ್ಷಗಳಲ್ಲಿ ಆ ಹಾಡುಗಳು ಅಭ್ಯಾಸ ಮಾಡಿ ಸುಧಾರಿಸಿಕೊಂಡವೆಂದು ತೋರುತ್ತದೆ. ಈ ಲೆಕ್ಕದಲ್ಲಿ ನಮ್ಮ ಪೀಠವೂ 2040ರ ಸುಮಾರಿಗೆ ನಾಲ್ಕೂವರೆಗೆ ಏರಬಹುದು. ಆಗ ಬರುವ ಹೊಸಬರಿಗೆ ಅವರು, ಆಹಾ, ‘ದಿ ಫ್ರಜೈಲ್’ ಬಂದ ಆ ಕಾಲವೇ ಕಾಲ, ನಾವು ಮೂಡಿಗೆರೆಯಲ್ಲಿ ಆರೂ ಮಗ್ಗುಲುಗಳನ್ನು ಉಸಿರು ಬಿಗಿಹಿಡಿದು ಕೇಳಿದ್ದೆವು ಎಂದು ಹೇಳುವುದನ್ನು ಕೇಳಲು ನಾನು ಇರುವುದಿಲ್ಲವೆಂಬುದೇ ನನ್ನ ಸಮಾಧಾನ.

ನಗೆ ಇಲ್ಲಿಗೆ ಸಾಕು. ನನಗೆ ಸಿಟ್ಟು ಬಂದದ್ದು ಅಲ್ಲಿಂದ ರಾತ್ರಿ ಚಿಕ್ಕಮಗಳೂರಿನ ಮನೆಗೆ ಬಂದ ಮೇಲೆ. ನಮ್ಮ ಬೀದಿಯ ತುದಿಯ ಬಯಲಿನಲ್ಲಿ ಆಳೆತ್ತರದ ಸ್ಪೀಕರುಗಳನ್ನು ಪೇರಿಸಿ, ಯಾವುದೋ ಸಂಭ್ರಮದ ನೆಪದಲ್ಲಿ, ಹನ್ನೆರಡೂವರೆಯ ತನಕ ಬಡಿದರು. ವಾರ ಬಿಟ್ಟು ವಾರ ಇದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಕಿಟಕಿಯ ಗಾಜು ಅದುರುತ್ತಿತ್ತು. ಪಕ್ಕದ ಮನೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಗಿ ಬಂದ ಅಜ್ಜಿಯೊಬ್ಬರು ಮಂಚದ ಮೇಲೆ ಎದ್ದು ಕುಳಿತಿದ್ದರು. ಈ ಸದ್ದಿಗೆ ಯಾರೂ ನಕ್ಷತ್ರ ಕೊಡುವುದಿಲ್ಲ. ಈ ಮಿಕ್ಸಿಂಗ್ ಬಗ್ಗೆ ಯಾರಿಗೂ ಅಭಿಪ್ರಾಯವಿಲ್ಲ. ಎಲ್ಲೋ ಸಮುದ್ರದಾಚೆ ಒಬ್ಬ ತನ್ನ ಸಂಕಟವನ್ನು ಯಂತ್ರದ ಸದ್ದಿನಲ್ಲಿ ಹೇಳಿಕೊಂಡರೆ ಅದರಲ್ಲಿ ಡ್ರಮ್ಮು ಒಂದು ಕೂದಲಿನಷ್ಟು ಹಿಂದೆ ಬಿದ್ದದ್ದು ತಿಳಿಯುವ ಕಿವಿಗಳಿಗೆ, ತಮ್ಮದೇ ಬೀದಿಯಲ್ಲಿ ಒಬ್ಬ ಮುದುಕಿ ರಾತ್ರಿಯೆಲ್ಲ ನಿದ್ದೆಗೆಡುವುದು ತಿಳಿಯುವುದಿಲ್ಲ. ನಮ್ಮ ಪೀಠದ ನಾಲ್ಕನೆಯ ಸದಸ್ಯರು, ಬೇಸ್ ಸಾಲದು ಎಂದವರು, ಆ ಸಂಭ್ರಮದ ಸಮಿತಿಯಲ್ಲಿದ್ದಾರೆ.

ಮೆಟಾಲಿಕಾದವರ ಹೆವಿ ಮೆಟಲ್ ಆಲ್ಬಮ್ಮೊಂದು 2008ರಲ್ಲಿ ಬಂದಾಗ, ಧ್ವನಿಯನ್ನು ಅತಿಯಾಗಿ ಏರಿಸಿ ಒಡಕು ಮಾಡಿದ್ದಾರೆ, ಇನ್ನೊಮ್ಮೆ ಮಿಕ್ಸ್ ಮಾಡಿಸಿ ಎಂದು ಹತ್ತು ಸಾವಿರಕ್ಕೂ ಹೆಚ್ಚು ಕೇಳುಗರು ಮನವಿಗೆ ಸಹಿ ಹಾಕಿದ್ದರು. ನಮ್ಮ ಬೀದಿಯ ಮನವಿಗೆ ಹನ್ನೊಂದು ಸಹಿ ಬಿದ್ದವು. ಅವರಲ್ಲಿ ಇಬ್ಬರು ಸಂಜೆ ಬಂದು, ತಮ್ಮ ಭಾವಮೈದುನರು ಬೇಜಾರು ಮಾಡಿಕೊಳ್ಳುತ್ತಾರೆಂದು ಹೆಸರು ಹೊಡೆದುಹಾಕಿಸಿಕೊಂಡು ಹೋದರು. ಉಳಿದ ಒಂಬತ್ತನ್ನೇ ಹಿಡಿದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋಗಿ, ಕಿಟಕಿಯಿಂದ ಕಿಟಕಿಗೆ ಅಲೆದು, ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡು ಬಂದೆ.

ಮೂರನೆಯ ದಿನ ಮೊಬೈಲಿಗೆ ಸಂದೇಶ ಬಂದಿತು. ನಿಮ್ಮ ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ, ನಮ್ಮ ಸೇವೆಗೆ ಒಂದರಿಂದ ಐದರ ತನಕ ನಕ್ಷತ್ರ ನೀಡಿ ಎಂದು ಅದರಲ್ಲಿತ್ತು. ಓದುತ್ತಿರುವಾಗಲೇ ಬೀದಿಯ ತುದಿಯಲ್ಲಿ ಲಾರಿಯಿಂದ ಸ್ಪೀಕರುಗಳನ್ನು ಇಳಿಸುತ್ತಿದ್ದರು. ಎರಡೂವರೆ ಒತ್ತಲು ಹೋದೆ. ಅರ್ಧ ನಕ್ಷತ್ರಕ್ಕೆ ಅಲ್ಲಿ ಅವಕಾಶವಿರಲಿಲ್ಲ, ಎರಡು ಒತ್ತಿದೆ. ಷರಾ ಬರೆಯಲು ಒಂದು ಖಾಲಿ ಜಾಗವೂ ಇತ್ತು. ‘ಇವರ ಹಳೆಯದೇ ಚೆನ್ನಾಗಿತ್ತು, ಬೇಸ್ ಸಾಲದು’ ಎಂದು ಬರೆದು ಕಳುಹಿಸಿದೆ. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು ಎಂದು ತಕ್ಷಣವೇ ಉತ್ತರ ಬಂದಿತು.