ನೆಲ ಒರೆಸುವ ಬಟ್ಟೆ ಎಲ್ಲಿದೆ?

ಮನೆಯಲ್ಲಿರುವ ವಸ್ತುಗಳಿಂದಲೇ ಮಕ್ಕಳಿಗೆ ಸುಲಭ ವಿಜ್ಞಾನ ಪ್ರಯೋಗ ಅಂತ ಎಲ್ಲಿ ಓದಿದರೂ ಸಾಮಾನಿನ ಪಟ್ಟಿ ಅಚ್ಚುಕಟ್ಟಾಗಿರುತ್ತದೆ. ಅಡುಗೆ ಸೋಡಾ, ವಿನೆಗರ್, ಮೊಟ್ಟೆ, ನಿಂಬೆಹಣ್ಣು. ನೆಲ ಒರೆಸುವ ಬಟ್ಟೆಯ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಕಂಡಿಲ್ಲ. ಬರೆಯುವವರು ಒಬ್ಬರು, ಒರೆಸುವವರು ಇನ್ನೊಬ್ಬರು ಅಂತ ನನ್ನ ಗುಮಾನಿ.

ಜ್ವಾಲಾಮುಖಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಅದು ಒಮ್ಮೆಯಾದರೂ ಉಕ್ಕಿರುತ್ತದೆ. ಸೋಡಾಕ್ಕೆ ವಿನೆಗರ್ ಬಿದ್ದರೆ ಕಾರ್ಬನ್ ಡೈಆಕ್ಸೈಡ್ ಬುಸ್ಸೆಂದು ಬರುತ್ತದೆ, ಅಷ್ಟೇ. ನಿಜವಾದ ಜ್ವಾಲಾಮುಖಿಯಲ್ಲಿ ಹುಳಿಯೂ ಇಲ್ಲ, ಸೋಡಾವೂ ಇಲ್ಲ, ಕರಗಿದ ಬಂಡೆಯೊಳಗಿನ ನೀರಾವಿ, ಅನಿಲಗಳು ಹಿಗ್ಗಿ ಅದನ್ನು ಹೊರಗೆ ತಳ್ಳುತ್ತವೆ ಅಂತ ನಾನು ವಿವರಿಸಲು ಹೊರಟೆ. ಮಗಳು "ಇನ್ನೊಂದ್ಸಲ" ಅಂದಳು. ಬಾಟಲಿ ಖಾಲಿಯಾಗುವ ತನಕ ಅವಳಿಗೆ ಬೇರೆ ಯಾವ ಸಂದೇಹವೂ ಬರಲಿಲ್ಲ.

ನನಗೆ ನಿಜಕ್ಕೂ ಇಷ್ಟವಾದದ್ದು ಮೊಟ್ಟೆಯ ಪ್ರಯೋಗ. ಹಸಿ ಮೊಟ್ಟೆಯನ್ನು ಗಾಜಿನ ಲೋಟದಲ್ಲಿಟ್ಟು, ಮುಳುಗುವಷ್ಟು ವಿನೆಗರ್ ಹಾಕಬೇಕು. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದ ಸ್ವಲ್ಪ ಹೊತ್ತಿಗೇ ಮೈತುಂಬ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಮೊಟ್ಟೆ ಸ್ವೆಟರ್ ತೊಟ್ಟ ಹಾಗೆ. 24ರಿಂದ 48 ಗಂಟೆಯಲ್ಲಿ ಚಿಪ್ಪು ಪೂರ್ತಿ ಕರಗಿ ತೆಳು ಪೊರೆ ಮಾತ್ರ ಉಳಿಯುತ್ತದೆ. ಪೊರೆ ದಾಟಿ ನೀರು ಒಳಗೆ ನುಗ್ಗುವುದರಿಂದ ಮೊಟ್ಟೆ ಮೊದಲಿಗಿಂತ ದಪ್ಪವೂ ಆಗುತ್ತದೆ. ನಲ್ಲಿ ಕೆಳಗೆ ಮೆಲ್ಲಗೆ ಸವರಿ ತೊಳೆದು, ಕತ್ತಲಲ್ಲಿ ಟಾರ್ಚ್ ಹಿಡಿದರೆ ಒಳಗೆ ಹಳದಿ ಅತ್ತಿತ್ತ ಉರುಳುವುದು ಕಾಣುತ್ತದೆ. ನಾನೇ ಬಾಯಿ ಬಿಟ್ಟುಕೊಂಡು ನೋಡಿದೆ.

ಅಷ್ಟರಲ್ಲಿ ಮಗಳು ಅದಕ್ಕೆ ಗುಂಡ ಅಂತ ಹೆಸರಿಟ್ಟಾಗಿತ್ತು. ಗುಂಡನನ್ನು ತಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ಪುಟಿಯುತ್ತಾನೆ. ಪುಟಿದ. ಮಗಳು ಲೆಕ್ಕ ಹಾಕಿದಳು: ಇಷ್ಟೇ ಇಷ್ಟು ಎತ್ತರದಿಂದ ಬಿದ್ದು ಅಷ್ಟು ಪುಟಿದರೆ, ಸೋಫಾ ಹತ್ತಿ ಬಿಟ್ಟರೆ ಫ್ಯಾನ್ ಮುಟ್ಟಬೇಕು ಅಲ್ವಾ? ನಾನು ಉತ್ತರ ಯೋಚಿಸುವಷ್ಟರಲ್ಲಿ ಗುಂಡ ಇರಲಿಲ್ಲ. ಸೋಫಾದ ಅಡಿ, ಟೀವಿಯ ಕಾಲು, ನನ್ನ ಚಪ್ಪಲಿ, ಎಲ್ಲ ಕಡೆಯೂ ಇದ್ದ. ವಿನೆಗರ್ ಕುಡಿದ ಹಸಿ ಮೊಟ್ಟೆಯ ವಾಸನೆಯನ್ನು ವರ್ಣಿಸುವುದು ಬೇಡ. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಮೂಗು ಒರೆಸಿಕೊಂಡು, "ಇನ್ನೊಂದ್ಸಲ?" ಅಂದಳು.

ಕಾರ್ನ್‌ಫ್ಲೋರ್ ಪ್ರಯೋಗದಲ್ಲಿ ಒಡೆಯುವಂಥದ್ದೇನೂ ಇಲ್ಲ. ಎರಡು ಪಾಲು ಹಿಟ್ಟಿಗೆ ಒಂದು ಪಾಲು ನೀರು. ಗುದ್ದಿದರೆ ಕಲ್ಲು, ಸುಮ್ನೆ ಬಿಟ್ಟರೆ ನೀರು. ಮುಷ್ಟಿಯಲ್ಲಿ ಹಿಸುಕಿ ಉಂಡೆ ಕಟ್ಟಿ ಕೈ ಬಿಡಿಸಿದರೆ ಬೆರಳ ಸಂದಿಯಿಂದ ಇಳಿದು ಹೋಗುತ್ತದೆ. ಒತ್ತಿದಾಗ ಹಿಟ್ಟಿನ ಕಣಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುವುದೇ ಗುಟ್ಟು. ಆಟ ಮುಗಿದ ಮೇಲೆ ನನ್ನ ಗಂಡ, ಮನೆಗೆಲಸದಲ್ಲಿ ನೆರವಾಗುವ ಉತ್ಸಾಹದಲ್ಲಿ, ಪಾತ್ರೆಯನ್ನು ಪೂರ್ತಿ ಸಿಂಕಿಗೆ ಸುರಿದರು. ಹಿಟ್ಟು ಪೈಪಿನ ತಿರುವಿನಲ್ಲಿ ತಳ ಹಿಡಿದು ಗಟ್ಟಿಯಾಯಿತು. ಪೈಪ್ ಬಿಚ್ಚಲು ಬಂದವರು "ಇದರೊಳಗೆ ಏನ್ರೀ ಹಾಕಿದ್ರಿ?" ಅಂದರು. "ಸೈನ್ಸ್" ಅಂದಳು ಮಗಳು.

ಇನ್ನು ಚೆಲ್ಲದ, ನಾರದ, ಕಟ್ಟಿಕೊಳ್ಳದ ಪ್ರಯೋಗ ಬೇಕೆಂದು ನಿಂಬೆರಸದ ಗುಪ್ತಬರಹಕ್ಕೆ ಇಳಿದೆವು. ಹತ್ತಿ ಕಡ್ಡಿಯನ್ನು ರಸದಲ್ಲಿ ಅದ್ದಿ ಬರೆಯುವುದು. ಒಣಗಿದರೆ ಏನೂ ಕಾಣದು. ಮೇಲೆ ಇಸ್ತ್ರಿ ಒತ್ತಿದರೆ ರಸ ತಾಗಿದ ಜಾಗ ಉಳಿದ ಕಾಗದಕ್ಕಿಂತ ಮೊದಲೇ ಸೀದು ಕಂದಾಗುತ್ತದೆ. ಇಸ್ತ್ರಿ ಕೆಲಸ ದೊಡ್ಡವರದ್ದೇ, ಹಾಗಾಗಿ ನಾನು ಪೆಟ್ಟಿಗೆ ಬಿಸಿ ಮಾಡಿ ತಂದು "ನೀನು ಬರೆದ ಹಾಳೆ ಎಲ್ಲಿ?" ಅಂದೆ.

"ಮೇಜಿನ ಮೇಲಿದೆ."

ಮೇಜಿನ ಮೇಲೆ ಇದ್ದದ್ದು ಗಂಡನ ಆಫೀಸಿನ ಕಾಗದಗಳ ಕಟ್ಟು.

"ಇದರಲ್ಲಿ ಯಾವುದು?"

"ಅದು ಕಾಣಲ್ಲ ಅಲ್ವಾ ಅಮ್ಮ!"

ಒಂದೊಂದೇ ಹಾಳೆಗೆ ಇಸ್ತ್ರಿ ಹಾಕುತ್ತಾ ಹೋದೆ. ಗಂಡ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಕೊನೆಗೆ ಸಹಿ ಹಾಕುವ ಗೆರೆಯ ಮೇಲೆಯೇ ಕಂದು ಬಣ್ಣದ ಸೊಂಡಿಲೊಂದು ಮೂಡಿತು.

"ಉಳಿದ ಆನೆ ಎಲ್ಲಿ?" ಅಂದರು ಅವರು, ಸಣ್ಣ ದನಿಯಲ್ಲಿ.

"ಬೇರೆ ಪೇಜಲ್ಲಿದೆ."