ಫೆರಿಯಾಲೆ ಅಂದ್ರೆ ರಜಾದಿನ ಅಲ್ವಂತೆ ಕಣ್ರೀ!

ನಿನ್ನೆಯಿಂದ ತಲೆ ಕೆಟ್ಟು ಕೂತಿದೀನಿ. ಎಲ್ಲಾದ್ರೂ ಕಾರ್ಕೊಳ್ಳದೇ ಇದ್ರೆ ಇವತ್ತು ಆಫೀಸಿನ ಕೆಲಸ ಒಂದೂ ಆಗಲ್ಲ, ಅದಕ್ಕೇ ಬರೀತಿದೀನಿ.

ಇಟಲಿಯಲ್ಲಿ ಬಸ್ಸಿನ ವೇಳಾಪಟ್ಟಿ ನೋಡಿದ್ರೆ ಎರಡು ಪದ ಕಾಣ್ತವೆ. ಒಂದು ‘ಫೆರಿಯಾಲೆ’, ಇನ್ನೊಂದು ‘ಫೆಸ್ತಿವೊ’. ಆಗಸ್ಟ್ ಬಂತು ಅಂದ್ರೆ ನಮ್ಮ ಆಫೀಸಲ್ಲಿ ಎಲ್ರೂ ‘ಫೆರಿಯೆ, ಫೆರಿಯೆ’ ಅಂತ ಸಮುದ್ರದ ಕಡೆ ಓಡ್ತಾರೆ. ಫೆರಿಯೆ ಅಂದ್ರೆ ರಜೆ. ಹಾಗಿದ್ಮೇಲೆ ಫೆರಿಯಾಲೆ ಅಂತ ಬರೆದಿರೋ ಬಸ್ಸು ರಜಾದಿನ ಓಡೋ ಬಸ್ಸು ತಾನೇ? ನೀವಾದ್ರೂ ಹಾಗೇ ಅಂದ್ಕೋತಿದ್ರಿ ತಾನೇ? ಅಲ್ವಂತೆ! ಸೋಮವಾರದಿಂದ ಶನಿವಾರದವರೆಗೆ ಓಡೋದಂತೆ. ಭಾನುವಾರದ್ದು ಫೆಸ್ತಿವೊ. ನಾವು ಹೋಗ್ಬೇಕಿದ್ದ ಊರಿಗೆ ಫೆಸ್ತಿವೊ ಬಸ್ಸೇ ಇಲ್ಲ. ಒಂದೂ ಇಲ್ಲ.

ಶುರುವಿಂದ ಹೇಳ್ತೀನಿ. ನಾನಿರೋದು ರೋಮ್‌ನಲ್ಲಿ, ರೂಮ್‌ಮೇಟ್ ಹುಬ್ಬಳ್ಳಿಯವನು. ಭಾನುವಾರ ಬೆಳಿಗ್ಗೆ ಏಳಕ್ಕೇ ನನ್ನ ಹೊದಿಕೆ ಎಳೆದು, ಮೊಬೈಲಲ್ಲಿ ಒಂದು ಫೋಟೋ ಮುಖಕ್ಕೆ ಹಿಡಿದ. ಕಣಿವೆ ಮಧ್ಯೆ ಒಂದು ಒಂಟಿ ಬಂಡೆ, ಬಂಡೆ ಮೇಲೆ ಒಂದು ಊರು, ಊರಿಗೆ ಹೋಗಕ್ಕೆ ಒಂದೇ ಒಂದು ಸಣ್ಣ ಸೇತುವೆ. ಚಿವಿತಾ ದಿ ಬಾನ್ಯೊರೆಜೊ. “ನಡೀಲೇ, ಈಗಿಂದೀಗ ಹೋಗೂಣು.” ಬಸ್ಸು ಗಿಸ್ಸು ನೋಡೋಣ ತಡಿಯೋ ಅಂದೆ. “ಪ್ಲಾನ್ ಮಾಡ್ಕೋತ ಕುಂತ್ರ ಯಾವ ಊರೂ ನೋಡಂಗಿಲ್ಲ ನೀ” ಅಂದ. ಫ್ರಿಜ್ಜಲ್ಲಿ ಶನಿವಾರದ ಚಿತ್ರಾನ್ನ ಇತ್ತು, ಡಬ್ಬಿಗೆ ಹಾಕ್ಕೊಳ್ಳೋಣ ಅಂದ್ರೆ ಅದಕ್ಕೂ ನಕ್ಕ. “ಇಟಲಿಯೊಳಗ ಚಿತ್ರಾನ್ನ ಕಟ್ಕೊಂಡು ಹೊಂಟಾನ ನೋಡ್ರಿ!” ಆ ಚಿತ್ರಾನ್ನ ನಿನ್ನೆ ಮಧ್ಯಾಹ್ನ ಎಷ್ಟು ಸಲ ನೆನಪಾಯ್ತು ಅಂತ ನನಗೊಬ್ಬನಿಗೇ ಗೊತ್ತು.

ರೋಮ್‌ನ ತೆರ್ಮಿನಿ ಸ್ಟೇಷನ್ನಿಂದ ಒರ್ವಿಯೆತೊಗೆ ರೈಲಲ್ಲಿ ಒಂದು ಗಂಟೆ ಚಿಲ್ಲರೆ, ಅಲ್ಲಿಂದ ಚಿವಿತಾ ಕಡೆಗೆ ಬಸ್ಸು. ಅಲ್ಲೀವರೆಗೂ ಎಲ್ಲ ಸರಿಯಾಗೇ ಇತ್ತು. ಒರ್ವಿಯೆತೊ ಕೂಡ ಬಂಡೆ ಮೇಲಿನ ಊರೇ, ಸ್ಟೇಷನ್ ಕೆಳಗಿದೆ, ಮೇಲಕ್ಕೆ ಹತ್ತಿಸಕ್ಕೆ ಹಗ್ಗದ ಮೇಲೆ ಎಳೆಯೋ ಪುಟ್ಟ ರೈಲಿದೆ. 1290ರಲ್ಲಿ ಕಟ್ಟಕ್ಕೆ ಶುರು ಮಾಡಿದ ದೊಡ್ಡ ಚರ್ಚಿದೆ. 248 ಮೆಟ್ಟಿಲಿನ ಒಂದು ಬಾವಿ ಇದೆ, ಇಳಿಯೋರು ಹತ್ತೋರು ಒಬ್ಬರಿಗೊಬ್ಬರು ಎದುರಾಗದ ಹಾಗೆ ಎರಡು ಸುರುಳಿ ಮೆಟ್ಟಿಲು ಮಾಡಿದಾರೆ. ಅಲ್ಲೇ ಇಡೀ ದಿನ ಕಳೆದಿದ್ರೆ ರಾಜರ ಹಾಗೆ ಇರ್ತಿದ್ವಿ. ಇವನು ಕೇಳ್ಬೇಕಲ್ಲ! ಸ್ಟೇಷನ್ ಮುಂದಿನ ಕಂಬದಲ್ಲಿ ಅಂಟಿಸಿದ್ದ ಹಾಳೆ ನೋಡಿ, “ಫೆರಿಯಾಲೆ ಅಂತ ಐತಿ, ಇವತ್ತ ರಜಾ, ಬರ್ತೈತಿ ತಡಿ” ಅಂದ. ನಾನೂ ತಲೆ ಆಡಿಸಿದೆ. ಎರಡು ವರ್ಷ ಇಟಾಲಿಯನ್ ಕ್ಲಾಸಿಗೆ ಹೋಗಿರೋ ಮಹಾನುಭಾವ ನಾನು.

ಕಾದ್ವಿ. ಒಂದು ಗಂಟೆ ಕಾಲು. ಒಂದು ಅಜ್ಜಿ ನಾಯಿ ಹಿಡ್ಕೊಂಡು ಹೋಗುವಾಗ ನಮ್ಮನ್ನ ನೋಡಿದ್ರು. ವಾಪಸ್ ಬರುವಾಗ್ಲೂ ನೋಡಿದ್ರು. ಆಮೇಲೆ ಪಾಪ ಹತ್ರ ಬಂದು, “ಓಜ್ಜಿ ಎ ದೊಮೇನಿಕಾ” ಅಂದ್ರು. ಇವತ್ತು ಭಾನುವಾರ ಕಣ್ರಪ್ಪಾ ಅಂತ. ನಮಗೂ ಗೊತ್ತಮ್ಮಾ, ಅದಕ್ಕೇ ಬಂದಿರೋದು!

ನನ್ನ ಸಿಟ್ಟಿರೋದೇ ಇಲ್ಲಿ. ವಾರವಿಡೀ ದುಡಿಯೋ ಮನುಷ್ಯ ಭಾನುವಾರ ಅಲ್ಲದೆ ಇನ್ಯಾವತ್ತು ಸುತ್ತಕ್ಕೆ ಹೋಗ್ಬೇಕು? ಬುಧವಾರ ಬೆಳಿಗ್ಗೆ ಮ್ಯಾನೇಜರಿಗೆ ಹೊಟ್ಟೆನೋವು ಅಂತ ಹೇಳ್ಬೇಕಾ? ನಮ್ಮ ಕಡೆ ಅಮಾವಾಸ್ಯೆ ಬಂದ್ರೆ ಮಾದಪ್ಪನ ಬೆಟ್ಟಕ್ಕೆ ಸಾಲುಸಾಲು ಹೆಚ್ಚುವರಿ ಬಸ್ಸು ಬಿಡ್ತಾರೆ. ಜನ ಯಾವತ್ತು ಬರ್ತಾರೋ ಅವತ್ತು ಬಸ್ಸು, ಅಷ್ಟು ಸರಳ ಲೆಕ್ಕ. ಈ ಚಿವಿತಾದಲ್ಲಿ ವರ್ಷವಿಡೀ ಮನೆ ಮಾಡ್ಕೊಂಡು ಇರೋರು ಬೆರಳೆಣಿಕೆ ಜನ, ನೋಡಕ್ಕೆ ಬರೋರು ವರ್ಷಕ್ಕೆ ಲಕ್ಷಗಟ್ಟಲೆ. 2013ರಿಂದ ಊರೊಳಗೆ ಕಾಲಿಡಕ್ಕೇ ಟಿಕೆಟ್ ಇಟ್ಟಿದಾರೆ. ಮೊದಲು ಒಂದೂವರೆ ಯೂರೋ ಇದ್ದಿದ್ದು ಈಗ 5 ಯೂರೋ. ಕೊಡೋಣ, ಬಂಡೆ ಉಳಿಸಕ್ಕೆ ದುಡ್ಡು ಬೇಕು. ಆದ್ರೆ ದುಡ್ಡು ತಗೊಳ್ಳಕ್ಕೆ ಭಾನುವಾರಾನೂ ಕೌಂಟರ್ ತೆಗೆದಿರತ್ತೆ, ಕರ್ಕೊಂಡು ಹೋಗಕ್ಕೆ ಮಾತ್ರ ಬಸ್ಸಿಗೆ ರಜಾ. ಕಾರಿದ್ದೋನಿಗೆ ಊರು, ಇಲ್ದಿದ್ದೋನಿಗೆ ಫೋಟೋ.

ನಮಗೆ ಹಠ ಹತ್ತಿತ್ತು. ಅಲ್ಲಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು, ಟ್ಯಾಕ್ಸಿಯವನು 50 ಯೂರೋ ಅಂದ. ನಾನು ಕೊಟ್ಟೆ. ಈ ‘ನಾನು’ ಅನ್ನೋದನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ಊರಿನ ಬಗ್ಗೆ ಸುಳ್ಳು ಹೇಳಲ್ಲ, ನೋಡಿದ ತಕ್ಷಣ ಬಾಯಿ ಮುಚ್ಚೋಯ್ತು. ರೋಮನ್ನರ ಆಳ್ವಿಕೆಗೂ ಮುಂಚೆ ಈ ಕಡೆ ಇದ್ದ ಎತ್ರುಸ್ಕನ್ನರು ಅನ್ನೋ ಜನ ಎರಡೂವರೆ ಸಾವಿರ ವರ್ಷದ ಹಿಂದೆ ನೆಲೆ ಮಾಡಿದ ಜಾಗ. ಮೇಲೆ ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದ ಕಲ್ಲು, ಕೆಳಗೆ ಜೇಡಿಮಣ್ಣು. ಮಳೆ ಬಂದಾಗೆಲ್ಲ ಜೇಡಿ ಕೊಚ್ಚಿಹೋಗತ್ತೆ, ಬುಡ ಇಲ್ಲದ ಕಲ್ಲಿನ ಅಂಚು ಮನೆ ಸಮೇತ ಕಣಿವೆಗೆ ಉರುಳತ್ತೆ. 1695ರ ಭೂಕಂಪ ಆದ್ಮೇಲೆ ಜನ ಗಂಟುಮೂಟೆ ಕಟ್ಕೊಂಡು ಪಕ್ಕದ ಬಾನ್ಯೊರೆಜೊಗೆ ಹೋಗಕ್ಕೆ ಶುರು ಮಾಡಿದ್ರು. ಹದಿಮೂರನೇ ಶತಮಾನದ ಕ್ರೈಸ್ತ ಸಂತ ಬೊನವೆಂತೂರಾ ಹುಟ್ಟಿದ ಮನೇನೂ ಹಾಗೇ ಕುಸಿದು ಹೋಗಿದೆ. ‘ಸಾಯುತ್ತಿರುವ ಊರು’ ಅಂತಾನೇ ಇದಕ್ಕೆ ಹೆಸರು. ಒಂದು ಕಡೆ ಬರೀ ಗೋಡೆ ನಿಂತಿದೆ, ಗೋಡೆಯಲ್ಲಿ ಕಿಟಕಿ, ಕಿಟಕಿಯಲ್ಲಿ ಆಕಾಶ. ಹಿಂದೆ ಮನೆ ಇಲ್ಲ. ಅಲ್ಲಿ ಐದು ನಿಮಿಷ ಸಿಟ್ಟು ಮರೆತು ನಿಂತಿದ್ದೆ, ಒಪ್ಕೋತೀನಿ.

ಆಮೇಲೆ ಹಸಿವಾಯ್ತು ನೋಡಿ.

ಎಲ್ಲಿ ಹೋದ್ರೂ ಒಂದೇ ಪ್ರಶ್ನೆ, “ಪ್ರೆನೊತಾತೊ?” ಬುಕ್ ಮಾಡಿದೀರಾ? ಬೆಳಿಗ್ಗೆ ಏಳಕ್ಕೆ ಹಾಸಿಗೇಲಿದ್ದ ನಾನು ಯಾವ ಟೇಬಲ್ ಬುಕ್ ಮಾಡ್ಲಿ? ಇಟಲಿಯಲ್ಲಿ ಭಾನುವಾರದ ಮಧ್ಯಾಹ್ನದ ಊಟ ಅಂದ್ರೆ ಅಜ್ಜ, ಅಜ್ಜಿ, ಬೀಗರು, ಮೊಮ್ಮಕ್ಕಳು ಎಲ್ಲ ಸೇರಿ ಮೂರು ಗಂಟೆ ಕೂರೋ ಕಾರ್ಯಕ್ರಮ, ನಮ್ಮ ಬೀಗರೂಟದ ಥರ. ಆ ಗಲಾಟೆ ಮುಗಿಯೋ ಹೊತ್ತಿಗೆ ಅಡುಗೆಮನೆ ಮುಚ್ಚಿರತ್ತೆ, ಮತ್ತೆ ಒಲೆ ಹಚ್ಚೋದು ರಾತ್ರಿಗೇ. ಕೊನೆಗೆ ಒಂದು ಅಂಗಡೀಲಿ ಬ್ರೆಡ್ ಮಧ್ಯೆ ಹಂದಿಮಾಂಸ ಇಟ್ಟು ಕೊಡ್ತಿದ್ರು. ಹುಬ್ಬಳ್ಳಿಯವನು ಎರಡು ಬಾರಿಸಿದ. ನಾನು ಸಸ್ಯಾಹಾರಿ. ನನಗೆ ಸಿಕ್ಕಿದ್ದು ಒಂದು ಪೊಟ್ಟಣ ಚಿಪ್ಸ್. ಕಿಟಕಿಯಲ್ಲಿ ಆಕಾಶ ನೋಡಿದ ಖುಷಿಯೆಲ್ಲ ಆ ಪೊಟ್ಟಣದ ತಳದ ಉಪ್ಪಿನಲ್ಲಿ ಮುಗಿದೋಯ್ತು.

ವಾಪಸ್ ಬರೋದು? ಅದೇ ಟ್ಯಾಕ್ಸಿಯವನಿಗೆ ಫೋನ್ ಮಾಡಿದ್ರೆ ಅವನೂ ಅತ್ತೆ ಮನೇಲಿ ಊಟಕ್ಕೆ ಕೂತಿದಾನೆ! ಹಿಂದೆ ತಟ್ಟೆ ಸದ್ದು, ಮಕ್ಕಳ ಕಿರುಚಾಟ, ಯಾರೋ ಹೆಂಗಸು ಜೋರಾಗಿ ನಗ್ತಿದಾರೆ. ಕಾಫಿ ಕುಡಿದು ಬರ್ತೀನಿ ಅಂದ. ಬಂದಿದ್ದು ಒಂದೂವರೆ ಗಂಟೆ ಆದ್ಮೇಲೆ, ಕೇಳಿದ್ದು 60 ಯೂರೋ. ಬೆಳಿಗ್ಗೆ 50 ಇತ್ತಲ್ಲಪ್ಪಾ ಅಂದೆ. “ಫೆಸ್ತಿವೊ” ಅಂದ. ಬಸ್ಸಿಗಿಲ್ಲದ ಫೆಸ್ತಿವೊ ಟ್ಯಾಕ್ಸಿಗಿದೆ!

ರಾತ್ರಿ ಹನ್ನೊಂದಕ್ಕೆ ಮನೆ ಸೇರಿ, ನಿಂತ್ಕೊಂಡೇ ತಣ್ಣಗಿನ ಚಿತ್ರಾನ್ನ ತಿಂತಾ ಆ ಪದದ ಜಾತಕ ಹುಡುಕಿದೆ. ಲ್ಯಾಟಿನ್ನಲ್ಲಿ ಫೇರಿಯಾ ಅಂದ್ರೆ ಹಬ್ಬದ ರಜೇನೇ ಆಗಿತ್ತಂತೆ. ಚರ್ಚಿನವರು ವಾರದ ದಿನಗಳಿಗೆಲ್ಲ ಅದೇ ಹೆಸರಿಟ್ಟು ಎಣಿಸಿ ಎಣಿಸಿ, ಕೊನೆಗೆ ರಜೆಯ ಪದ ಹೋಗಿ ಕೆಲಸದ ದಿನದ ಮೇಲೆ ಕೂತಿದೆ. ಅಂದ್ರೆ ನಮ್ಮ ಊಹೆ ಪೂರ್ತಿ ತಪ್ಪಲ್ಲ, ಸಾವಿರ ವರ್ಷ ತಡ ಅಷ್ಟೇ. ಇದನ್ನ ಹೇಳೋಣ ಅಂತ ತಿರುಗಿದ್ರೆ ಇವನು ಗೊರಕೆ ಹೊಡೀತಿದ್ದ.

ಬೆಳಿಗ್ಗೆ ಎದ್ದು ಆ ಗೋಡೆ ಕಿಟಕಿ ಫೋಟೋ ಸ್ಟೇಟಸ್ ಹಾಕಿದಾನೆ. ನೋಡಿದೋರೆಲ್ಲ ಹೃದಯ ಒತ್ತಿದಾರೆ, ಅವರಲ್ಲಿ ನಮ್ಮಮ್ಮನೂ ಒಬ್ಬರು. ಟ್ಯಾಕ್ಸಿ ಎರಡೂ ಕಡೆ ಸೇರಿ 110, ಊರೊಳಗೆ ಹೋಗೋ ಟಿಕೆಟ್ 10, ಎಲ್ಲ ನನ್ನ ಕಾರ್ಡಿಂದ. ಅವನ ಪಾಲು 60 ಯೂರೋ. ಇನ್ನೂ ಕೊಟ್ಟಿಲ್ಲ. ಕೇಳಿದ್ರೆ, “ಕೊಡ್ತೀನಿ ತಡೀಲೇ, ಮುಂದಿನ ಭಾನುವಾರ ಎಲ್ಲಿಗೆ?” ಅಂತಾನೆ.