ಹಾಗಲ್ಲ

ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಮಂಗಳೂರಿನಿಂದ ಬೆಂಗಳೂರಿಗೆ ಬರುತ್ತಿದ್ದ ರಾತ್ರಿ ಬಸ್ಸು ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತಿತು. ಜಡಿಮಳೆ. ನಾನು ಕೊಡೆ ಹಿಡಿದು ಕತ್ತಲಲ್ಲಿ ಒಂದು ಮೈಲಿ ನಡೆದು ಹೆಂಡತಿಗೆ ಬಿಸಿ ಕಾಫಿ ತಂದೆ. ಮನೆಗೆ ಬಂದವರಿಗೆಲ್ಲ ಈ ಕಥೆ ಹೇಳಿದ್ದೇನೆ. ನಾನು ಕೊಡೆ ಬಿಚ್ಚುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ "ಹಾಗಲ್ಲ" ಎಂಬ ದನಿ ಬರುತ್ತದೆ. "ಕಾಫಿ ತಂದದ್ದು ಕಂಡಕ್ಟರು. ಇವರು ಗೊರಕೆ ಹೊಡೆಯುತ್ತಿದ್ದರು."

ಈ "ಹಾಗಲ್ಲ" ಎಂಬ ಪದದ ಮೇಲೆಯೇ ಒಂದು ಇಡೀ ಧಾರಾವಾಹಿ ನಿಂತಿರುವುದನ್ನು ನೋಡಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು. 'ಇಂಟರ್‌ವ್ಯೂ ವಿತ್ ದ ವ್ಯಾಂಪೈರ್' 2022ರಲ್ಲಿ ಅಮೆರಿಕದಲ್ಲಿ ಶುರುವಾದ ಸರಣಿ. ಆನ್ ರೈಸ್ ಎಂಬ ಲೇಖಕಿ 1976ರಲ್ಲಿ ಪ್ರಕಟಿಸಿದ ಕಾದಂಬರಿಯ ಹೊಸ ರೂಪ. ರಕ್ತ ಕುಡಿಯುವವರ ಕಥೆ, ನಿಜ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ರಕ್ತವಲ್ಲ, ನೆನಪು. ದುಬೈನ ಗಗನಚುಂಬಿ ಮನೆಯೊಂದರಲ್ಲಿ ಲೂಯಿ ಎಂಬ ವ್ಯಾಂಪೈರ್ ತನ್ನ ನೂರು ವರ್ಷಗಳ ಸಂಸಾರದ ಗೋಳನ್ನು ಡೇನಿಯಲ್ ಎಂಬ ಮುದಿ ಪತ್ರಕರ್ತನ ಮುಂದೆ ತೋಡಿಕೊಳ್ಳುತ್ತಾನೆ. ಹೊಸ ಗೋಳೇನಲ್ಲ. 1973ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದೇ ಲೂಯಿ ಇದೇ ಡೇನಿಯಲ್‌ಗೆ ಇದೇ ಕಥೆ ಹೇಳಿದ್ದ. ಅದರ ಕ್ಯಾಸೆಟ್ಟುಗಳು ಇನ್ನೂ ಉಳಿದಿವೆ. ಲೂಯಿ ಭಾವುಕನಾಗಿ ಏನೋ ಹೇಳುತ್ತಿರುವಾಗ ಮುದುಕ ನಡುವೆ ಬಾಯಿ ಹಾಕುತ್ತಾನೆ: ಹೋದ ಸಲ ಹೀಗೆ ಹೇಳಿರಲಿಲ್ಲವಲ್ಲ? ಹಲ್ಲು ಕೋರೆಯಾಗಿರುವ ಪ್ರಾಣಿಯ ಎದುರು ಕುಳಿತು ಈ ಪ್ರಶ್ನೆ ಕೇಳಲು ಎಂಟೆದೆ ಬೇಕು. ಅಥವಾ ಮದುವೆಯಾಗಿ ಕೆಲವು ವರ್ಷಗಳಾಗಿರಬೇಕು.

ಇದರಲ್ಲಿ ಸರಣಿ ಮಾಡಿದವರ ಜಾಣತನವೂ ಇದೆ. ಮೂಲ ಕಾದಂಬರಿಯಲ್ಲಿ ಲೂಯಿ 1791ರ ಲೂಸಿಯಾನಾದ ತೋಟದ ಒಡೆಯ, ಗುಲಾಮರನ್ನು ಇಟ್ಟುಕೊಂಡಿದ್ದ ಬಿಳಿಯ. ಸರಣಿಯಲ್ಲಿ ಅವನು 1910ರ ನ್ಯೂ ಆರ್ಲಿಯನ್ಸ್‌ನಲ್ಲಿ ವೇಶ್ಯಾಗೃಹಗಳನ್ನು ನಡೆಸುವ ಕರಿಯ. ಲೂಯಿಗೆ ಮಗಳಂತಿದ್ದ ಕ್ಲಾಡಿಯಾ ಪುಸ್ತಕದಲ್ಲಿ ಐದು ವರ್ಷದವಳು, ಇಲ್ಲಿ ಹದಿನಾಲ್ಕರ ಹುಡುಗಿ. ಕಾದಂಬರಿಯನ್ನು ಪ್ರೀತಿಸಿದವರು ಸಿನಿಮಾ ಮಂದಿರದಿಂದ ಗೊಣಗುತ್ತಾ ಹೊರಬರುವುದು ನಮಗೆಲ್ಲ ಗೊತ್ತಿರುವ ದೃಶ್ಯವೇ. ಇಲ್ಲಿ ಮಾತ್ರ "ಪುಸ್ತಕದಲ್ಲಿ ಹೀಗಿರಲಿಲ್ಲ" ಎಂದು ನಾವು ಬಾಯಿ ತೆರೆಯುವ ಮೊದಲೇ ಡೇನಿಯಲ್ ನಮ್ಮ ಪರವಾಗಿ ಗೊಣಗಿಬಿಡುತ್ತಾನೆ. ಆನ್ ರೈಸ್ ತಾವೇ ಇದಕ್ಕೆ ದಾರಿ ಮಾಡಿಕೊಟ್ಟಿದ್ದರು. ಲೂಯಿಯನ್ನು ವ್ಯಾಂಪೈರ್ ಮಾಡಿದ, ಮೊದಲ ಪುಸ್ತಕದಲ್ಲಿ ಅವನ ಬಾಯಲ್ಲಿ ದುಷ್ಟನಾಗಿದ್ದ ಲೆಸ್ಟಾಟ್, 1985ರ ಎರಡನೆಯ ಪುಸ್ತಕದಲ್ಲಿ ತಾನೇ ಕಥೆ ಹೇಳಲು ಕುಳಿತು, ಅದೆಲ್ಲ ಹಾಗಲ್ಲ ಎನ್ನುತ್ತಾನೆ.

ಲೂಯಿ ಸುಳ್ಳುಗಾರನೆಂದು ನನಗೆ ಅನ್ನಿಸಲಿಲ್ಲ. ಅವನು ನೆನಪನ್ನು ಹಿತ್ತಾಳೆ ಚೆಂಬಿನಂತೆ ಹುಣಸೆಹಣ್ಣು ಹಾಕಿ ತಿಕ್ಕಿದ್ದಾನೆ, ಅಷ್ಟೆ. ನೂರು ವರ್ಷ ತಿಕ್ಕಿದರೆ ಚೆಂಬಿನ ಮೇಲೆ ಕೆತ್ತಿದ ಹೆಸರೇ ಅಳಿಸಿಹೋಗುತ್ತದೆ. ಕ್ಲಾಡಿಯಾಳ ದಿನಚರಿಯ ಕೆಲವು ಹಾಳೆಗಳನ್ನು ಹರಿದುಹಾಕಿದ್ದು ಮಾತ್ರ ತಿಕ್ಕಿದ್ದಲ್ಲ, ಬಚ್ಚಿಟ್ಟದ್ದು. ಅದಕ್ಕೂ ಅವನಲ್ಲಿ ಒಂದು ಕಾರಣವಿದೆ: ಅವಳ ಮಾನ ಉಳಿಸುವುದಕ್ಕಂತೆ.

ಸರಣಿ ನೋಡದವರು ಈಗ ಕಣ್ಣು ಮುಚ್ಚಿಕೊಳ್ಳಿ. ದುಬೈನ ಆ ಮನೆಯಲ್ಲಿ ಟ್ರೇ ಹಿಡಿದು ಓಡಾಡುವ ಸೌಮ್ಯ ಸೇವಕನೊಬ್ಬನಿದ್ದಾನೆ. ಮೊದಲ ಸೀಸನ್ನಿನ ಕೊನೆಯಲ್ಲಿ ಅವನು ಸೇವಕನೇ ಅಲ್ಲ, ಆರ್ಮಾಂಡ್ ಎಂಬ, ಐದು ಶತಮಾನ ದಾಟಿದ ವ್ಯಾಂಪೈರ್, ಲೂಯಿಯ ಸಂಗಾತಿ ಎಂದು ತಿಳಿಯುತ್ತದೆ. ಎರಡನೆಯ ಸೀಸನ್ನಿನಲ್ಲಿ ಅವನು ಲೂಯಿಯ ಪಕ್ಕದಲ್ಲೇ ಕುಳಿತು ಮೆಲುದನಿಯಲ್ಲಿ ನೆನಪುಗಳನ್ನು ತಿದ್ದುತ್ತಾನೆ. ಎಷ್ಟು ಅಕ್ಕರೆ! ಕಥೆ ಎಡವಿದಲ್ಲೆಲ್ಲ ಕೈ ಹಿಡಿಯುವ ಸಂಗಾತಿ. ಕೊನೆಗೆ ನೋಡಿದರೆ ಈ ತಿದ್ದುವವನೇ ಅತಿ ದೊಡ್ಡ ಕಥೆಗಾರ. 1973ರ ಆ ದಿನಗಳ ನೆನಪನ್ನು ಇಬ್ಬರ ತಲೆಯಿಂದಲೂ ಕಿತ್ತು ಬೇರೆಯದನ್ನು ತುಂಬಿದವನು ಅವನೇ. ಪ್ಯಾರಿಸ್ಸಿನಲ್ಲಿ ಲೂಯಿಯ ಜೀವ ಉಳಿಸಿದ್ದು ತಾನೆಂದು ಅವನು ದಶಕಗಟ್ಟಲೆ ನಂಬಿಸಿದ್ದ, ಉಳಿಸಿದವನು ಲೆಸ್ಟಾಟ್. ಇದನ್ನು ನೋಡಿದ ರಾತ್ರಿ ನಾನು ಅಡುಗೆಮನೆಯ ಕಡೆಗೆ ಒಮ್ಮೆ ತಿರುಗಿ ನೋಡಿದ್ದು ಸುಳ್ಳಲ್ಲ.

ಒಂದು ವಿಷಯಕ್ಕೆ ಮಾತ್ರ ಈ ಸರಣಿಯನ್ನು ಮೆಚ್ಚಬೇಕು. ಅವರವರ ಸತ್ಯ ಅವರವರಿಗೆ ಎಂದು ಅದು ಕೈ ತೊಳೆದುಕೊಳ್ಳುವುದಿಲ್ಲ. ಲೆಸ್ಟಾಟ್ ಒಂದು ರಾತ್ರಿ ಲೂಯಿಯನ್ನು ಆಕಾಶಕ್ಕೆ ಎತ್ತಿಕೊಂಡು ಹೋಗಿ ಕೆಳಗೆ ಬಿಡುತ್ತಾನೆ. ಮುಂದೆ ಪ್ಯಾರಿಸ್ಸಿನ ರಂಗಮಂದಿರವೊಂದರಲ್ಲಿ ವ್ಯಾಂಪೈರ್‌ಗಳು ಲೂಯಿಯನ್ನು ನಿಲ್ಲಿಸಿ ನಡೆಸುವ ವಿಚಾರಣೆಯಲ್ಲಿ ಅದೇ ರಾತ್ರಿ ಮತ್ತೊಮ್ಮೆ, ಲೆಸ್ಟಾಟ್‌ನ ಬಾಯಿಂದ ಬರುತ್ತದೆ. ಜಗಳ ಹೇಗೆ ಬೆಳೆಯಿತು, ಯಾರು ಯಾರನ್ನು ಕೆಣಕಿದರು ಎಂಬುದೆಲ್ಲ ಬದಲಾಗುತ್ತದೆ. ಬೀಳುವುದು ಮಾತ್ರ ಎರಡರಲ್ಲೂ ಇದೆ. ನೆಲವೂ ಅಷ್ಟೇ ಗಟ್ಟಿ.

ನಮ್ಮ ಕಾಫಿಯ ವಿಷಯಕ್ಕೆ ಕ್ಯಾಸೆಟ್ಟಿಲ್ಲ, ದಿನಚರಿಯಿಲ್ಲ. ವರ್ಷಗಟ್ಟಲೆ "ಹಾಗಲ್ಲ" ಕೇಳಿಸಿಕೊಂಡು ಈಗ ನನಗೆ ಆ ಕಂಡಕ್ಟರು ಕಣ್ಣಿಗೆ ಕಟ್ಟುತ್ತಾನೆ: ಖಾಕಿ ಅಂಗಿ, ಒದ್ದೆ ತಲೆ, ಕೈಯಲ್ಲಿ ಅಲ್ಯೂಮಿನಿಯಂ ಕೆಟಲ್ಲು. ಕೊಡೆ ಹಿಡಿದು ನಡೆದ ನಾನು ಮಸುಕಾಗುತ್ತಿದ್ದೇನೆ. ಮೊನ್ನೆ ನೆಂಟರು ಬಂದಾಗ ಸೋಲೊಪ್ಪಿಕೊಂಡು ಕಥೆಯನ್ನು ಅವಳ ಪ್ರಕಾರವೇ ಹೇಳಿದೆ. ಗೊರಕೆಯನ್ನೂ ಬಿಡಲಿಲ್ಲ.

ಅಡುಗೆಮನೆಯಿಂದ ದನಿ ಬಂತು: "ಹಾಗಲ್ಲ. ಕಂಡಕ್ಟರು ಎಂದು ನಾನು ಯಾವಾಗ ಹೇಳಿದೆ? ತಂದದ್ದು ಡ್ರೈವರು. ಅದೂ ಕಾಫಿ ಅಲ್ಲ, ಟೀ."